ಹಗಲುಮನೆಗೋ ರಸ್ತೆಗೋ ಎಂದು ಕೇಳಿದವರಿಗೆ: ಕಟ್ಟಡ ಮಾತ್ರ ಕೇಳಬೇಡಿ

ಕಾಸರಗೋಡು ನಗರಸಭೆಯ ನಿಮ್ಮ ವಾರ್ಡ್ ಸಭೆಯಲ್ಲಿ ಹಿರಿಯರ ಪಗಲ್‌ವೀಡಿಗೆ, ಅಂದರೆ ಹಗಲುಮನೆಗೆ, ಕೈ ಎತ್ತಬೇಕೋ, ರಸ್ತೆ-ಚರಂಡಿಗೋ ಎಂದು ಕೇಳಿದ್ದೀರಿ. ಇದೇ ವಾದದಲ್ಲಿ 2017ರಲ್ಲಿ ನಾನು ಗೆದ್ದಿದ್ದೆ.

ನಮ್ಮದು ಕರ್ನಾಟಕದ ಗಡಿಗೆ ತಾಗಿದ ಪಂಚಾಯತು. ನಾನಾಗ ಕನ್ನಡ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಹೊರಟರೆ ಸಂಜೆ ಐದರವರೆಗೆ ಅಮ್ಮ ಒಬ್ಬರೇ. ಜಗಲಿಯ ಮೂಲೆ, ಎಲೆಡಿಕೆ ತಟ್ಟೆ, ರೇಡಿಯೋ. ನಾನು ಗೇಟು ದಾಟಿದ ಕೂಡಲೇ "ಇವತ್ತು ಯಾರು ಸಿಕ್ಕಿದ್ರು?" ಎಂದು ಕೇಳುವರು. ಬೆಳಗ್ಗಿನಿಂದ ಮಾತೇ ಆಡಿರದ ಗಂಟಲು. ಆ ಮೂರು ಶಬ್ದ ಹೇಳುವುದಕ್ಕೂ ಮೊದಲೊಮ್ಮೆ ಕೆಮ್ಮಿ ಸರಿಮಾಡಿಕೊಳ್ಳಬೇಕಿತ್ತು. ಗಂಡಸರಿಗಾದರೆ ಹೋಟೆಲಿನ ಬೆಂಚಿದೆ, ಬಸ್‌ಸ್ಟಾಪಿನ ಕಟ್ಟೆಯಿದೆ. ಹೆಂಗಸರಿಗೆ ಏನಿದೆ?

ಗ್ರಾಮಸಭೆಯಲ್ಲಿ ಎದ್ದು ನಿಂತೆ. "ವೃದ್ಧಾಶ್ರಮವಾ ಟೀಚರ್? ನಮ್ಮ ಊರಿನ ಹಿರಿಯರಿಗೆ ಮಕ್ಕಳಿಲ್ವಾ?" ಎಂದರು ಒಬ್ಬರು. "ಪಿಂಚಣಿ ಬರ್ತದಲ್ಲ, ಮತ್ತೆಂತ?" ಎಂದರು ಇನ್ನೊಬ್ಬರು. ವೃದ್ಧಾಶ್ರಮ ಬೇರೆ, ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವ ಹಗಲುಮನೆ ಬೇರೆ ಎಂದು ಬಿಡಿಸಿ ಹೇಳಿದೆ. 2011ರ ಜನಗಣತಿಯ ಲೆಕ್ಕದಲ್ಲಿ ದೇಶದಲ್ಲಿ ಅರುವತ್ತು ದಾಟಿದವರು ನೂರಕ್ಕೆ 8.6, ಕೇರಳದಲ್ಲಿ 12.6 ಎಂದೂ ಹೇಳಿದೆ. ಕೈಗಳು ಎದ್ದವು.

ನಾನು ತಪ್ಪಿದ್ದು ಆಮೇಲೆ. ಅರ್ಜಿಯಲ್ಲಿ ನನ್ನ ಕೈಯಾರೆ ಬರೆದದ್ದು "ಪಗಲ್‌ವೀಡು ಕಟ್ಟಡ" ಎಂದು. ನಮ್ಮಲ್ಲಿ ಪ್ರಾಜೆಕ್ಟಿನಲ್ಲಿ ಏನು ಬರೆದಿದೆಯೋ ಅದಷ್ಟೇ ಆಗುತ್ತದೆ. ಕಟ್ಟಡ ಎಂದರೆ ಎಂಜಿನಿಯರರ ಎಸ್ಟಿಮೇಟು, ಟೆಂಡರು, ಮಾರ್ಚ್ 31ರ ಒಳಗೆ ಬಿಲ್ಲು. ಅಲ್ಲಿಗೆ ಮುಗಿಯಿತು. ಬಾಗಿಲು ತೆಗೆದು ಕೂರುವವರ ಸಂಬಳ, ಮಧ್ಯಾಹ್ನದ ಗಂಜಿ, ಚಾ, ಕರೆಂಟು ಬಿಲ್ಲು, ಆಟೋ ಬಾಡಿಗೆ, ಇದೆಲ್ಲ ಬೇರೆಯೇ ಪ್ರಾಜೆಕ್ಟು. ಅದನ್ನು ಪ್ರತಿವರ್ಷದ ಯೋಜನೆಯಲ್ಲೂ ಹೊಸದಾಗಿ ಬರೆದು ಪಾಸು ಮಾಡಿಸಬೇಕು. ಮನೆ ಎದ್ದು ನಿಂತರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ನಾನು ನಂಬಿದೆ. ಪ್ರಾಜೆಕ್ಟುಗಳನ್ನು ಬರೆದು ತಯಾರಿಸುವ ಕಾರ್ಯತಂಡದ ಸಭೆಗೆ ಕರೆದಾಗ ಪರೀಕ್ಷೆಯ ಸಮಯ ಎಂದು ಹೋಗಲಿಲ್ಲ. ಆ ಒಂದು ಮಧ್ಯಾಹ್ನ ರಜೆ ಹಾಕಿ ಹೋಗಿದ್ದರೆ ಎರಡನೆಯ ಪ್ರಾಜೆಕ್ಟನ್ನೂ ಬರೆಸಬಹುದಿತ್ತು, ಜಾಗ ಎಲ್ಲಿ ಎಂದೂ ಕೇಳಬಹುದಿತ್ತು. ಕೇಳುವವರಿಲ್ಲದೆ, ಜಾಗ ಪುಕ್ಕಟೆ ಇದ್ದ ಗುಡ್ಡೆಯ ನೆತ್ತಿಯ ಮೇಲೆ ಕಟ್ಟಿದರು. ಮಂಡಿನೋವಿನ ಮುದುಕಿಯರಿಗೆ ಅಷ್ಟು ಏರು!

ಉದ್ಘಾಟನೆಯ ದಿನ ಅಮ್ಮನನ್ನು ಜೀಪಿನಲ್ಲಿ ಕರಕೊಂಡು ಹೋದೆ. ಹಳೆಯ ಗೆಳತಿಯೊಬ್ಬರ ಕೈ ಹಿಡಿದುಕೊಂಡು ಎರಡು ಗಂಟೆ ತುಳುವಿನಲ್ಲಿ ಮಾತಾಡಿದರು. ಮತ್ತೆ ಎರಡು ವಾರ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘದ ಒಬ್ಬಾಕೆ ಸಂಬಳವಿಲ್ಲದೆ ಬಾಗಿಲು ತೆಗೆದರು. ಅವರಾದರೂ ಎಷ್ಟು ದಿನ ಹಾಗೆ ಬರುವುದು? ಬೀಗ ಬಿತ್ತು. ಮುಂದಿನ ಮಳೆಗಾಲದಲ್ಲಿ ಕಿಟಿಕಿಯಿಂದ ಇಣುಕಿ ನೋಡಿದೆ. ಅಂಗಡಿಯ ಪ್ಲಾಸ್ಟಿಕ್ ಕವರು ಬಿಚ್ಚದ ಕುರ್ಚಿಗಳು, ಗೋಡೆಗೆ ಒರಗಿಸಿದ ಕೇರಂ ಬೋರ್ಡು, ಪಕ್ಕದಲ್ಲಿ ಮುಚ್ಚಳ ತೆಗೆಯದ ಪೌಡರ್ ಡಬ್ಬಿ. ಅಮ್ಮ 2021ರಲ್ಲಿ ತೀರಿಕೊಂಡರು. ಅಷ್ಟರವರೆಗೂ ಆ ಬೀಗ ತೆರೆಯಲಿಲ್ಲ.

ಹಾಗಾಗಿ ರಸ್ತೆಯೋ ಹಿರಿಯರೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಚರಂಡಿಯ ಚಪ್ಪಡಿ ಮುರಿದಿದ್ದರೆ ಮೊದಲು ಮನೆಯೊಳಗೆ ಉಳಿಯುವವರು ಮುದುಕರೇ. ಹಣ ಎಷ್ಟು ಎಂಬುದಕ್ಕಿಂತ ಯಾವುದಕ್ಕೆ ಎಂದು ನೋಡಿ. ಬಸ್‌ಸ್ಟಾಪಿನ ಹತ್ತಿರ ನೆಲಮಟ್ಟದ, ಮೆಟ್ಟಿಲಿಲ್ಲದ ಬಾಡಿಗೆ ಕೋಣೆ ಸಾಕು, ವಾಚನಾಲಯದ ಒಂದು ಬದಿಯಾದರೂ ಸಾಕು. ಒಬ್ಬರ ಸಂಬಳ ಮತ್ತು ಆಟೋ ಬಾಡಿಗೆ ಕೇಳಿ. ನೋಡಿಕೊಳ್ಳುವವರಿಗೆ ಕನ್ನಡ, ತುಳು ಬರಲೇಬೇಕು ಎಂದು ಬರೆಸಿ. ಮಾತು ತಿಳಿಯದಿದ್ದರೆ ಅಲ್ಲೂ ಒಂಟಿಯೇ. ಹಿರಿಯರಿಗೆಂದೇ ಕರೆಯುವ ವಯೋಜನ ಸಭೆಯ ನೋಟಿಸು ಮಲಯಾಳದಲ್ಲಿ ಮಾತ್ರ ಬಂದರೆ ಕನ್ನಡದ್ದೂ ಬೇಕೆಂದು ಪಟ್ಟು ಹಿಡಿಯಿರಿ. ಸಾಮಾಜಿಕ ನ್ಯಾಯ ಇಲಾಖೆಯ ಸಾಯಂಪ್ರಭಾ ಯೋಜನೆ ಇಂಥ ಹಗಲುಮನೆಗಳಿಗೆಂದೇ ಇದೆ, ನಗರಸಭೆ ಅದಕ್ಕೆ ಅರ್ಜಿ ಹಾಕಿದೆಯೇ ಎಂದು ವಿಚಾರಿಸಿ. ಸಾಮಾನ್ಯವಾಗಿ ಈ ಪ್ರಾಜೆಕ್ಟು ನಡೆಸುವವರು ಅಂಗನವಾಡಿಗಳನ್ನು ನೋಡಿಕೊಳ್ಳುವ ಐಸಿಡಿಎಸ್ ಸೂಪರ್‌ವೈಸರ್; ವಾರ್ಡ್ ಸಭೆಗೆ ಮೊದಲೇ ಅವರನ್ನು ಕಂಡು ಬನ್ನಿ. ಕಾರ್ಯತಂಡದ ಸಭೆ ತಪ್ಪಿಸಬೇಡಿ.

ವಾರ್ಡ್ ಸಭೆಯ ದಿನ ಎದ್ದು ನಿಂತು, ಬಾಗಿಲು ತೆಗೆಯುವವರ ಸಂಬಳ ಯಾವ ಪ್ರಾಜೆಕ್ಟಿನಲ್ಲಿದೆ ಎಂದು ಕೇಳಿ. ನಂಬರು ತೋರಿಸಿದರೆ ಎರಡೂ ಕೈ ಎತ್ತಿ. ಬರೀ ಕಟ್ಟಡ ಎಂದರೆ ಆ ಹಣ ಚರಂಡಿಗೇ ಹೋಗಲಿ.