ಮಾರುತ್ತಾರೋ, ಮಾರುತ್ತಿದ್ದರೋ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ತಂದೆಯವರ ಉದ್ಯೋಗವೇನೆಂದು ಕೇಳಿದಾಗ ‘ಮೈ ಫಾದರ್ ಯೂಸ್ಡ್ ಟು ಸೆಲ್ ಚಿಲ್ಲೀಸ್’ ಎಂದೆ. ಸಂದರ್ಶಕರು ದನಿ ತಗ್ಗಿಸಿ, ಅವರು ಈಗ ಇಲ್ಲವೇ ಎಂದು ವಿಚಾರಿಸಿದರು. ನಮ್ಮ ತಂದೆ ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೂಗಿಸುತ್ತಿದ್ದರು. ನಾನು ಹೇಳಿದ್ದರಲ್ಲಿ ತಪ್ಪೇನು?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ನಿಮ್ಮ ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ, ಅದು ಹೇಳುವ ಅರ್ಥ ಮಾತ್ರ ಬೇರೆ. ‘ಯೂಸ್ಡ್ ಟು’ ಎಂದರೆ ಹಿಂದೆ ರೂಢಿಯಾಗಿ ನಡೆಯುತ್ತಿದ್ದು ಈಗ ನಿಂತುಹೋದದ್ದು. ಆದ್ದರಿಂದ ಸಂದರ್ಶಕರ ಕಿವಿಗೆ ಬಿದ್ದದ್ದು ‘ತಂದೆಯವರು ಮೆಣಸಿನಕಾಯಿ ಮಾರುತ್ತಿದ್ದರು’ ಎಂಬ ಮಾತು, ಮತ್ತು ಅವರು ದನಿ ತಗ್ಗಿಸಿದ್ದು ಸಹಜವೇ ಆಗಿತ್ತು.

ಈ ತಪ್ಪು ನಮ್ಮ ಭಾಗದಲ್ಲಿ ಎಷ್ಟು ಸಾಮಾನ್ಯವೆಂದರೆ, ‘ದಿನಾ ಐದಕ್ಕ ಏಳ್ತೇನ್ರಿ’ ಎನ್ನಬೇಕಾದ ವಿದ್ಯಾರ್ಥಿ ಇಂಗ್ಲಿಷಿಗೆ ಹೊರಳಿದ ಕೂಡಲೇ ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್’ ಎನ್ನುತ್ತಾನೆ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಕಾರಣ, ಈ ಪದಕ್ಕೆ ‘ರೂಢಿ’ ಎಂಬ ಅರ್ಧ ಅರ್ಥವನ್ನಷ್ಟೇ ಕಲಿತು, ಅದರೊಳಗಿನ ಭೂತಕಾಲವನ್ನು ಮರೆಯುವುದು. ಇಂದಿಗೂ ನಡೆದಿರುವ ರೂಢಿಯನ್ನು ಹೇಳಲು ಇಂಗ್ಲಿಷಿನಲ್ಲಿ ಯಾವ ಹೆಚ್ಚಿನ ಪದವೂ ಬೇಡ: ‘ಮೈ ಫಾದರ್ ಸೆಲ್ಸ್ ಚಿಲ್ಲೀಸ್’ ಎಂದರೆ ಸಾಕು, ಕನ್ನಡದ ‘ಮಾರುತ್ತಾರೆ’ ಎಂಬಂತೆಯೇ. ನಿಮಗೆ ಸ್ವಲ್ಪ ಸಮಾಧಾನವಾಗಲೆಂದು ಹೇಳುತ್ತೇನೆ, ಹಳೆಯ ಇಂಗ್ಲಿಷಿನಲ್ಲಿ ‘ಯೂಸ್ ಟು’ ಎಂಬ ವರ್ತಮಾನ ರೂಪವೂ ‘ರೂಢಿಯಾಗಿ ಮಾಡು’ ಎಂಬ ಅರ್ಥದಲ್ಲಿ ಬಳಕೆಯಲ್ಲಿತ್ತು. ಕಾಲಕ್ರಮದಲ್ಲಿ ಅದು ಬಿದ್ದುಹೋಗಿ ಭೂತರೂಪವೊಂದೇ ಉಳಿಯಿತು.

ಈಗ ಸರಿಯಾದ ಬಳಕೆಗೆ ಊರಿನದೇ ಉದಾಹರಣೆ ಕೊಡುತ್ತೇನೆ. 1997ರಲ್ಲಿ ಹಾವೇರಿ ಮತ್ತು ಗದಗ ಪ್ರತ್ಯೇಕ ಜಿಲ್ಲೆಗಳಾದವು. ಆದ್ದರಿಂದ ‘ಹಾವೇರಿ ಯೂಸ್ಡ್ ಟು ಬಿ ಇನ್ ಧಾರವಾಡ ಡಿಸ್ಟ್ರಿಕ್ಟ್’ ಎನ್ನಬಹುದು. ಇಲ್ಲಿ ‘ವುಡ್’ ಹಾಕಿದರೆ ತಪ್ಪಾಗುತ್ತದೆ, ಏಕೆಂದರೆ ‘ವುಡ್’ ಮತ್ತೆ ಮತ್ತೆ ಮಾಡಿದ ಕೆಲಸಕ್ಕೆ ಹೊಂದುತ್ತದೆಯೇ ಹೊರತು ಹೀಗೆ ಇದ್ದ ಸ್ಥಿತಿಗೆ ಹೊಂದುವುದಿಲ್ಲ.

‘ಐ ಆಮ್ ಯೂಸ್ಡ್ ಟು’ ಎಂಬುದು ಬೇರೆಯೇ ಮಾತು. ಅದರ ಅರ್ಥ ‘ನನಗೆ ರೂಢಿಯಾಗಿದೆ’ ಎಂದು, ಅದರ ಮುಂದೆ ಕ್ರಿಯಾಪದ ಬಂದರೆ ‘ಇಂಗ್’ ರೂಪದಲ್ಲಿರಬೇಕು. ನಸುಕಿನಲ್ಲಿ ಏಳುವುದು ರೂಢಿಯಾದವರು ‘ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’ ಎನ್ನಬೇಕು.

ಕಡೆಯದಾಗಿ, ಎಷ್ಟು ವರ್ಷವೆಂದು ಲೆಕ್ಕ ಕೊಡುವಾಗ ಈ ಪದವನ್ನು ಬಿಡಿ. ‘ಗದಗಿನಲ್ಲಿ ಐದು ವರ್ಷ ಇದ್ದೆ’ ಎನ್ನಲು ‘ಐ ಲಿವ್ಡ್ ಇನ್ ಗದಗ ಫಾರ್ ಫೈವ್ ಇಯರ್ಸ್’ ಎಂಬುದೇ ಸರಿ.