ಸೂಚ್ಯಂಕ ನೋಡಿ ಊರು ಬದಲಿಸಬೇಡಿ
ಬೇರೆ ನಗರದಲ್ಲಿ ಕೆಲಸ ಸಿಕ್ಕಿದೆ, ಸಂಬಳ ಶೇ 30 ಜಾಸ್ತಿ, ಆ ನಗರದ ಗ್ರಾಹಕ ಬೆಲೆ ಸೂಚ್ಯಂಕವೂ ನಮ್ಮೂರಿಗಿಂತ ಕಡಿಮೆ, ಹಾಗಾದ್ರೆ ಲಾಭ ತಾನೇ ಅಂತ ಕೇಳಿದ್ದೀರಿ. ಸೂಚ್ಯಂಕ ಪಕ್ಕಕ್ಕಿಡಿ. ಅದು ಹೇಳೋದು ಆಧಾರ ವರ್ಷದಿಂದೀಚೆಗೆ (ಬೆಲೆಯನ್ನು 100 ಅಂತ ಹಿಡಿದು ಲೆಕ್ಕ ಶುರು ಮಾಡಿದ ವರ್ಷ) ಅದೇ ಊರಲ್ಲಿ ಬೆಲೆ ಎಷ್ಟು ಏರಿದೆ ಅಂತ ಮಾತ್ರ. 170 ಇರೋ ಊರು 180 ಇರೋ ಊರಿಗಿಂತ ದುಬಾರಿ ಇರಬಹುದು.

ಸೋಪು, ಮೊಬೈಲಿನಂಥ ಸಾಗಿಸೋ ಸಾಮಾನಿನ ಬೆಲೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಹೊಡೆತ ಬೀಳೋದು ಸಾಗಿಸಲಾಗದ್ದರಲ್ಲಿ: ಬಾಡಿಗೆ, ಕ್ಷೌರ, ಮಕ್ಕಳನ್ನು ನೋಡಿಕೊಳ್ಳೋರ ಸಂಬಳ. ಬಾಡಿಗೆ ಹೋಲಿಸುವಾಗ ಆಫೀಸಿಗೆ ಈಗಿನಷ್ಟೇ ಹೊತ್ತಿನ ದಾರಿಯಲ್ಲಿರೋ ಮನೆಯನ್ನೇ ಹಿಡಿದು ನೋಡಿ. ಅಗ್ಗದ ಮನೆ ಅಂತ ದಿನಾ ಎರಡೂವರೆ ಗಂಟೆ ದಾರಿಗೆ ಸುರಿದವನು ನಾನು. ಸಂಜೆ ಒಲೆ ಹಚ್ಚೋ ತ್ರಾಣ ಇರ್ತಿರಲಿಲ್ಲ, ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಹೋಟೆಲಿಗೆ ಹೋಯ್ತು. ಹಾಂ, ಅಡ್ವಾನ್ಸ್ ಎಷ್ಟು ತಿಂಗಳದ್ದು ಅಂತಲೂ ಮೊದಲೇ ಕೇಳಿಕೊಳ್ಳಿ.