ಕೊಯ್ಯದೆ ಕಿಡ್ನಿಯೊಳಗೆ ಕ್ಯಾಮೆರಾ ಹೋಗುವುದು ಹೇಗೆ? ಆರ್‌ಐಆರ್‌ಎಸ್ ಸುರಕ್ಷಿತವೇ?

ನಿಮ್ಮ ತಂದೆಯವರಿಗೆ 62 ವರ್ಷ, ಶುಗರ್ ಇದೆ, ಬಲ ಕಿಡ್ನಿಯ ಕೆಳಭಾಗದಲ್ಲಿ 14 ಮಿ.ಮೀ. ಕಲ್ಲು ಅಂತ ಬರೆದಿದ್ದೀರಿ. ಆರ್‌ಐಆರ್‌ಎಸ್, ಅಂದರೆ ಮೂತ್ರದ ದಾರಿಯಿಂದಲೇ ಕಿಡ್ನಿಗೆ ಹೋಗಿ ಕಲ್ಲನ್ನು ಲೇಸರಿನಿಂದ ಒಡೆಯುವ ಆಪರೇಷನ್ನಿನಲ್ಲಿ, ಗಾಯವೇ ಇಲ್ಲದೆ ಕ್ಯಾಮೆರಾ ಒಳಗೆ ಹೋಗುವುದು ಹೇಗೆ, ಯಾವ ಲೇಸರ್ ಒಳ್ಳೆಯದು ಎಂದು ಕೇಳಿದ್ದೀರಿ. ನಾನು ಯುರಾಲಜಿ ಓಟಿಯಲ್ಲಿ ಸ್ಟಾಫ್ ನರ್ಸ್. ಸ್ಕೋಪ್ (ಕ್ಯಾಮೆರಾ ಇರುವ, ಬಾಗುವ ತೆಳ್ಳನೆಯ ಕೊಳವೆ), ವೈರ್, ಲೇಸರ್ ಫೈಬರ್ ಎಲ್ಲ ಸರ್ಜನ್ ಕೈಗೆ ಕೊಡುವುದೇ ನನ್ನ ಕೆಲಸ. ಲೇಸರ್ ವಿಷಯ ಆಮೇಲೆ ನೋಡೋಣ. ಮೂತ್ರದ ಕಲ್ಚರ್, ಅಂದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ, ಮಾಡಿಸಿದ್ದೀರಾ? ನಿಮ್ಮ ತಂದೆಯವರ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದು.

ಮೂತ್ರ ಇಳಿದು ಬರುವ ದಾರಿಯಲ್ಲೇ ಸ್ಕೋಪ್ ಮೇಲೆ ಹತ್ತುತ್ತದೆ. ಅರಿವಳಿಕೆ ಕೊಟ್ಟ ಮೇಲೆ ಮೂತ್ರಕೋಶದೊಳಗಿಂದ ತೆಳ್ಳನೆಯ ಗೈಡ್‌ವೈರ್ ಒಂದನ್ನು ಮೂತ್ರನಾಳದ ಮೂಲಕ ಕಿಡ್ನಿಯವರೆಗೆ ಏರಿಸುತ್ತಾರೆ. ಅದು ಎಲ್ಲಿಗೆ ತಲುಪಿತು ಎಂಬುದು ಸಿ-ಆರ್ಮ್ ಎಕ್ಸ್‌ರೇಯಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಆ ವೈರಿನ ಮೇಲೆ ಒಂದು ಕೊಳವೆ ಕೂರಿಸಿ, ಅದರೊಳಗಿಂದ ಸ್ಕೋಪ್ ಬಿಡುತ್ತಾರೆ. ಸ್ಕೋಪಿನ ದಪ್ಪ ಸುಮಾರು 3 ಮಿ.ಮೀ. ಹಿಡಿಯಲ್ಲಿರುವ ಸಣ್ಣ ಸನ್ನೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ತುದಿ 270 ಡಿಗ್ರಿಯವರೆಗೂ ಬಾಗುತ್ತದೆ. ಹಾಗಾಗಿ ಕಿಡ್ನಿಯ ಒಂದೊಂದು ಕೋಣೆಯನ್ನೂ ಇಣುಕಿ ನೋಡಬಹುದು.

ಕೆಲವರ ಮೂತ್ರನಾಳ ಕಿರಿದಾಗಿದ್ದು ಆ ದಿನ ಸ್ಕೋಪ್ ಹತ್ತುವುದೇ ಇಲ್ಲ. ಆಗ ಮೂತ್ರನಾಳದಲ್ಲಿ ಬರೀ ಸ್ಟೆಂಟ್ (ತೆಳ್ಳನೆಯ ಮೆತ್ತನೆ ಕೊಳವೆ) ಹಾಕಿ ಒಂದೆರಡು ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ದುಡ್ಡು ಕೀಳಲು ಎರಡು ಸಲ ಮಾಡ್ತಿದ್ದಾರೆ ಎಂದು ಮನೆಯವರು ಸಿಟ್ಟಾಗುವುದನ್ನು ನೋಡಿದ್ದೇನೆ. ಬಲವಂತವಾಗಿ ತೂರಿಸಿದರೆ ನಾಳ ಹರಿಯಬಹುದು. ಹಾಗೆ ತೂರಿಸದೆ ಹಿಂದೆ ಸರಿಯುವ ಸರ್ಜನ್ನನ್ನು ನಂಬಿ.

ಕೆಳಭಾಗದ ಕಲ್ಲು ಸ್ವಲ್ಪ ಹಟಮಾರಿ. ಸ್ಕೋಪ್ ಪೂರ್ತಿ ಬಾಗಿದ್ದಾಗ ಲೇಸರ್ ಫೈಬರ್ ತಳ್ಳಿದರೆ ಅದರ ಚೂಪು ತುದಿ ಸ್ಕೋಪಿನ ಒಳಗೋಡೆಗೇ ತೂತು ಮಾಡುತ್ತದೆ. ಆದ್ದರಿಂದ ಸಾಧ್ಯವಾದರೆ ಕಲ್ಲನ್ನು ಪುಟ್ಟ ತಂತಿ ಬುಟ್ಟಿಯಲ್ಲಿ ಹಿಡಿದು ಮೇಲಿನ ಕೋಣೆಗೆ ಸಾಗಿಸಿ, ಸ್ಕೋಪ್ ನೆಟ್ಟಗೆ ಮಾಡಿಕೊಂಡು ಅಲ್ಲಿ ಒಡೆಯುತ್ತಾರೆ. ಫೈಬರಿನ ಒಳಗಿನ ಗಾಜಿನ ಎಳೆ 0.2 ಮಿ.ಮೀ. ಮಾತ್ರ. ಲೇಸರ್ ತಾಗಿದ ಕೂಡಲೇ ಪುಡಿ ಎದ್ದು ಸ್ಕ್ರೀನ್ ತುಂಬ ಅಕ್ಕಿ ತೊಳೆದ ನೀರಿನ ಹಾಗೆ ಕಲಕಿಹೋಗುತ್ತದೆ. ತಿಳಿಯಾಗುವವರೆಗೆ ಎಲ್ಲರೂ ಕಾಯಬೇಕು.

ತಿಳಿಯಾಗಿಸುವುದು ನಾವು ಹರಿಸುವ ಸಲೈನ್. ಅಪಾಯ ಇರುವುದೂ ಅಲ್ಲೇ. ನೀರಿನ ಒತ್ತಡ ಜಾಸ್ತಿಯಾದರೆ ಕಿಡ್ನಿಯೊಳಗಿನ ದ್ರವ ರಕ್ತಕ್ಕೆ ಹಿಮ್ಮುಖವಾಗಿ ನುಗ್ಗುತ್ತದೆ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅದೂ ಜೊತೆಗೇ ಹೋಗುತ್ತದೆ. ಕಲ್ಲು ಚೆನ್ನಾಗಿ ಪುಡಿಯಾದರೂ ಸಂಜೆಯ ಹೊತ್ತಿಗೆ ರೋಗಿ ಚಳಿಜ್ವರದಿಂದ ನಡುಗುತ್ತಾ ಐಸಿಯು ಸೇರುವುದು ಹೀಗೆ. ಶುಗರ್ ಇರುವವರಿಗೆ ಈ ಭಯ ಹೆಚ್ಚು. ಕಲ್ಚರಿನಲ್ಲಿ ಏನಾದರೂ ಬೆಳೆದಿದ್ದರೆ ಅದಕ್ಕೆ ತಕ್ಕ ಆಂಟಿಬಯಾಟಿಕ್ ಮುಗಿಸಿ, ಶುಗರ್ ಹತೋಟಿಗೆ ತಂದುಕೊಂಡೇ ಓಟಿಗೆ ಬನ್ನಿ. ಡೇಟ್ ಮುಂದಕ್ಕೆ ಹೋದರೂ ಚಿಂತೆಯಿಲ್ಲ. ಆಪರೇಷನ್ ಉದ್ದವಾದಷ್ಟೂ ಈ ಅಪಾಯ ಏರುವುದರಿಂದ, ದೊಡ್ಡ ಕಲ್ಲಾದರೆ ಅರ್ಧಕ್ಕೆ ನಿಲ್ಲಿಸಿ ಇನ್ನೊಂದು ದಿನ ಮುಗಿಸುವುದೂ ಉಂಟು.

14 ಮಿ.ಮೀ.ಗೆ ಆರ್‌ಐಆರ್‌ಎಸ್ ಸೂಕ್ತವಾದದ್ದೇ. 20 ಮಿ.ಮೀ. ದಾಟಿದರೆ ಸಾಮಾನ್ಯವಾಗಿ ಬೆನ್ನಿನ ಕಡೆಯಿಂದ ಸಣ್ಣ ತೂತು ಮಾಡಿ ನೇರವಾಗಿ ಕಿಡ್ನಿಗೆ ಇಳಿಯುವ ಪಿಸಿಎನ್ಎಲ್ ಮಾಡುತ್ತಾರೆ. ಕಲ್ಲು ತೆಗೆಯಲೆಂದೇ ಹಾಗೆ ತೂತು ಮಾಡಿದ ಮೊದಲ ವರದಿ 1976ರಲ್ಲಿ ಸ್ವೀಡನ್ನಿನ ಫೆರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ ಅವರದು. ಅದಕ್ಕೂ ಮುಂಚೆ ಪಕ್ಕೆಯಲ್ಲಿ ಗೇಣುದ್ದ ಕೊಯ್ಯುತ್ತಿದ್ದರು. ಇನ್ನು ಲೇಸರ್. ಹೋಲ್ಮಿಯಂ ಇರಲಿ, ಹೊಸ ಥುಲಿಯಂ ಫೈಬರ್ ಇರಲಿ, ಎರಡೂ ಈ ಕಲ್ಲನ್ನು ಒಡೆಯುತ್ತವೆ. ಯಂತ್ರಕ್ಕಿಂತ ಅದನ್ನು ಹಿಡಿದ ಕೈಗೆ ಎಷ್ಟು ಅನುಭವವಿದೆ ಎಂದು ವಿಚಾರಿಸಿ.

ಕೊನೆಯಲ್ಲಿ ಹೆಚ್ಚಿನವರಿಗೆ ಕಿಡ್ನಿಯಿಂದ ಮೂತ್ರಕೋಶದವರೆಗೆ ಡಿಜೆ ಸ್ಟೆಂಟ್ ಇಡುತ್ತಾರೆ. ಅದು ಇರುವಷ್ಟು ದಿನ ಪದೇಪದೇ ಮೂತ್ರ ಬಂದ ಹಾಗಾಗುವುದು, ಮೂತ್ರ ಮಾಡುವಾಗ ಪಕ್ಕೆ ಹಿಡಿದುಕೊಳ್ಳುವುದು, ಸ್ವಲ್ಪ ಕೆಂಪಗೆ ಹೋಗುವುದು ಸಹಜ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಸ್ಟೆಂಟ್ ತೆಗೆಯುವ ತಾರೀಕು ಬರೆಸಿಕೊಳ್ಳದೆ ಆಸ್ಪತ್ರೆ ಬಿಡಬೇಡಿ. ನೋವು ಹೋಯಿತೆಂದು ಊರಿಗೆ ಹೋಗಿ ವರ್ಷಗಟ್ಟಲೆ ಮರೆತವರಿದ್ದಾರೆ. ಅಂಥ ಸ್ಟೆಂಟಿನ ಸುತ್ತ ಹೊಸ ಕಲ್ಲು ಕಟ್ಟಿ, ಅದನ್ನು ಬಿಡಿಸುವುದು ಮೊದಲ ಆಪರೇಷನ್ನಿಗಿಂತ ದೊಡ್ಡ ಪಾಡಾಗುತ್ತದೆ.

ಮನೆಗೆ ಬಂದ ಮೇಲೆ ಚಳಿ ಹಿಡಿದು ಜ್ವರ ಬಂದರೆ, ಬೆಳಗಾಗಲಿ ನೋಡೋಣ ಅಂತ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ. ಎಷ್ಟು ಹೊತ್ತಾಗಿದ್ದರೂ ಸರಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಪರೇಷನ್ ಆಗಿದೆ, ಸ್ಟೆಂಟ್ ಇದೆ, ಶುಗರ್ ಇದೆ ಎಂದು ಮೊದಲೇ ಹೇಳಿ.